ಸಿಎಫ್‌ಎಂ56-7ಬಿ ರಿವ್ಯೂ: ಕೌಲ್ ಕೆಳಗೆ ನೈಟ್ ಶಿಫ್ಟ್ ಮಾಡೋರ ಕಣ್ಣಲ್ಲಿ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ನಾಲ್ಕೂವರೆ. ಆ ಅರ್ಧ ಮಾರ್ಕು ಯಾಕೆ ಕಟ್ ಆಯ್ತು ಅಂತ ಕೆಳಗಡೆ ಬರುತ್ತೆ, 737ರ ಬ್ಲೀಡ್ ಸಿಸ್ಟಮ್ (ಇಂಜಿನ್‌ನಿಂದ ಬಿಸಿ ಗಾಳಿ ತೆಗೆದು ವಿಮಾನಕ್ಕೆ ಕೊಡೋ ವ್ಯವಸ್ಥೆ) ಮೇಲೆ ಕೆಲ್ಸ ಮಾಡಿದೋರಿಗೆ ಓದೋಕ್ ಮುಂಚೆನೇ ಗೊತ್ತಾಗಿರುತ್ತೆ ಬಿಡಿ.

ಇದು ಬೋಯಿಂಗ್ 737 ಎನ್‌ಜಿ, ಅಂದ್ರೆ 600, 700, 800, 900 ಸೀರೀಸ್ ವಿಮಾನಗಳಿಗೆ ಹಾಕಿರೋ ಇಂಜಿನ್ನಿನ ರಿವ್ಯೂ. ಪೈಲಟ್ ಕಡೆಯಿಂದ ಅಲ್ಲ, ಕಂಪನಿ ಅಕೌಂಟ್ಸ್ ಕಡೆಯಿಂದನೂ ಅಲ್ಲ. ನಾನು ಲೈನ್ ಮೇಂಟೆನೆನ್ಸ್‌ನಲ್ಲಿರೋನು, ಮೊದ್ಲು ಬೆಂಗಳೂರು, ಈಗ ಗಲ್ಫು. ಇಂಜಿನ್ ಪೂರ್ತಿ ಬಿಚ್ಚಿ ಒಳಗಿನ ಡಿಸ್ಕು ಬೇರಿಂಗು ಬದಲಾಯಿಸೋ ಶಾಪ್‌ನವರ ಲೋಕನೇ ಬೇರೆ. ನಮ್ಮದು ಏನಂದ್ರೆ ರಾತ್ರಿ ಒಂದು ಗಂಟೆಗೆ ಫ್ಲೈಟ್ ಬರುತ್ತೆ, ಟೆಕ್ ಲಾಗ್‌ನಲ್ಲಿ ಕ್ಯಾಪ್ಟನ್ ಎರಡೇ ಎರಡು ಸಾಲು ಸ್ನ್ಯಾಗ್ (ದೋಷದ ದೂರು) ಬರೆದು ಹೋಟೆಲ್‌ಗೆ ಹೋಗಿರ್ತಾರೆ, ಬೆಳಗ್ಗೆ ಆರಕ್ಕೆ ಅದೇ ವಿಮಾನ ಮತ್ತೆ ಹೋಗ್ಬೇಕು. ಆ ಐದು ಗಂಟೆಯಲ್ಲಿ ಈ ಇಂಜಿನ್ ನಮಗೆ ಎಷ್ಟು ಸಹಕರಿಸುತ್ತೆ ಅನ್ನೋದಷ್ಟೇ ಇಲ್ಲಿ ವಿಷ್ಯ.

ಗೊತ್ತಿಲ್ದೋರಿಗೆ ಚೂರು ಹಿನ್ನೆಲೆ. ಸಿಎಫ್‌ಎಂ ಅಂದ್ರೆ ಅಮೆರಿಕದ ಜಿಇ ಮತ್ತು ಫ್ರಾನ್ಸಿನ ಸ್ನೆಕ್ಮಾ (ಈಗ ಸಫ್ರಾನ್) ಅರ್ಧರ್ಧ ಪಾಲಲ್ಲಿ 1974ರಲ್ಲಿ ಮಾಡ್ಕೊಂಡ ಕಂಪನಿ. ಒಳಗಿನ ಕೋರ್ ಬಂದಿದ್ದು ಬಿ-1 ಬಾಂಬರ್‌ಗೆ ಮಾಡಿದ ಎಫ್101 ಇಂಜಿನ್‌ನಿಂದ. ಎಲ್ಲಾ ಮಾಡೆಲ್ ಸೇರಿ 30 ಸಾವಿರಕ್ಕಿಂತ ಜಾಸ್ತಿ ಸಿಎಫ್‌ಎಂ56 ತಯಾರಾಗಿವೆ. ನಮ್ಮ 7ಬಿ ಸರ್ವಿಸ್‌ಗೆ ಬಂದಿದ್ದು 1998ರ ಹೊತ್ತಿಗೆ. ಮುಂದೆ 61 ಇಂಚಿನ ಫ್ಯಾನು, ಅದ್ರಲ್ಲಿ 24 ಅಗಲವಾದ ಟೈಟೇನಿಯಂ ಬ್ಲೇಡು, ಹಿಂದೆ ಗಾಳಿ ಒತ್ತೋ 3 ಸ್ಟೇಜ್ (ಸ್ಟೇಜ್ ಅಂದ್ರೆ ಬ್ಲೇಡುಗಳ ಒಂದು ಸುತ್ತು) ಬೂಸ್ಟರ್, 9 ಸ್ಟೇಜ್ ಹೈ ಪ್ರೆಷರ್ ಕಂಪ್ರೆಸರ್, ಒಂದೇ ಒಂದು ಸ್ಟೇಜ್ ಹೈ ಪ್ರೆಷರ್ ಟರ್ಬೈನ್, 4 ಸ್ಟೇಜ್ ಲೋ ಪ್ರೆಷರ್ ಟರ್ಬೈನ್. ಥ್ರಸ್ಟು 19,500ರಿಂದ 27,300 ಪೌಂಡ್ ತನಕ. ಮಂಗಳೂರಿಂದ ದುಬೈಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800ರಲ್ಲಿ ಹೋಗಿದ್ರೆ ಕಿಟಕಿಯಿಂದ ನೀವು ನೋಡಿರೋದು ಇದೇ ಇಂಜಿನ್ನು. ಮುಂದಿನಿಂದ ನೋಡಿದ್ರೆ ದುಂಡಗಿರಲ್ಲ, ಕೆಳಗಡೆ ಚಪ್ಪಟೆ. 60ರ ದಶಕದಲ್ಲಿ ಸಣ್ಣ ಇಂಜಿನ್‌ಗಳಿಗಂತ ಡಿಸೈನ್ ಮಾಡಿದ ಗಿಡ್ಡ ಕಾಲಿನ ವಿಮಾನಕ್ಕೆ ದೊಡ್ಡ ಫ್ಯಾನ್ ತೂರಿಸ್ಬೇಕಿತ್ತು, ಗೇರ್‌ಬಾಕ್ಸ್ ಪಂಪು ಎಲ್ಲಾನೂ ಕೆಳಗಿಂದ ಪಕ್ಕಕ್ಕೆ ಸರಿಸಿದ್ರು, ಅದಕ್ಕೇ ಆ ಆಕಾರ.

ಈ ಗಿಡ್ಡತನನೇ ನಮಗೆ ವರ, ಶಾಪನೂ ಅದೇ. ವರ ಹೇಗೆ ಅಂದ್ರೆ ಏಣಿ, ಹೈ ಲಿಫ್ಟ್, ಸ್ಟ್ಯಾಂಡ್ ಯಾವ್ದಕ್ಕೂ ಕಾಯ್ಬೇಕಿಲ್ಲ, ಫ್ಯಾನ್ ಕೌಲ್, ಅಂದ್ರೆ ಇಂಜಿನ್ ಮುಚ್ಚಿರೋ ಹೊರಕವಚದ ಮೂರು ಲ್ಯಾಚ್ ಬಿಚ್ಚಿ ಮೇಲೆತ್ತಿ ಹೋಲ್ಡ್ ಓಪನ್ ರಾಡ್ ಕೊಟ್ರೆ ಎಲ್ಲಾ ಕೈಗೆ ಸಿಗುತ್ತೆ. ಬಲಗಡೆ ಎದೆ ಮಟ್ಟದಲ್ಲೇ ಆಯಿಲ್ ಟ್ಯಾಂಕು, ಅದರ ಮೇಲೆ ಇಂಜಿನ್ನಿನ ಕಂಪ್ಯೂಟರ್ ಅಂದ್ರೆ ಇಇಸಿ, ಎಡಗಡೆ ಗೇರ್‌ಬಾಕ್ಸು, ಅದರ ಮೇಲೆ ಹೈಡ್ರಾಲಿಕ್ ಪಂಪು, ಜನರೇಟರು, ಫ್ಯುಯೆಲ್ ಪಂಪು, ಫ್ಯುಯೆಲ್ ಅಳೆದು ಬಿಡೋ ಎಚ್‌ಎಂಯು, ಸ್ಟಾರ್ಟರು. ಎಲ್ಲಾ ಫ್ಯಾನ್ ಕೇಸ್ ಮೇಲೆ, ತಂಪಾಗಿರೋ ಜಾಗದಲ್ಲಿ. ಕೋರ್‌ಗೆ ಅಂಟ್ಕೊಂಡಂತೆ ಗೇರ್‌ಬಾಕ್ಸ್ ಇರೋ ಇಂಜಿನ್ ಮೇಲೆ ಕೆಲ್ಸ ಮಾಡಿದೋರಿಗೆ ಈ ಬೆಲೆ ಗೊತ್ತು, ಅಲ್ಲಿ ಒಂದು ಸಣ್ಣ ವಾಲ್ವ್ ಬದಲಾಯಿಸೋಕೂ ರಿವರ್ಸರ್ ಕೌಲ್ ಎತ್ತು, ತಣ್ಣಗಾಗೋ ತನಕ ಕಾಯಿ, ಆಮೇಲೂ ಮುಂಗೈ ಸುಟ್ಕೋ. ಶಾಪ ಏನಪ್ಪಾ ಅಂದ್ರೆ ನೆಲಕ್ಕೂ ಇಂಜಿನ್‌ಗೂ ನಡುವೆ ಇರೋದು ಒಂದೂವರೆ ಅಡಿ ಅಷ್ಟೇ. ಲ್ಯಾಚ್ ಹಾಕ್ಬೇಕು, ಸರಿಯಾಗಿ ಕೂತಿದ್ಯಾ ನೋಡ್ಬೇಕು ಅಂದ್ರೆ ಮಲಗಲೇಬೇಕು, ಬೆಂಗಳೂರಿನ ಮಳೇಲಿ ಒದ್ದೆ ನೆಲದ ಮೇಲೆ, ಇಲ್ಲಿ ಜುಲೈ ಮಧ್ಯಾಹ್ನ ಕಾದ ಕಾಂಕ್ರೀಟ್ ಮೇಲೆ. ನಲವತ್ತು ದಾಟಿದ ಎನ್‌ಜಿ ಮೆಕ್ಯಾನಿಕ್ ಯಾರನ್ನಾದ್ರೂ ಕೇಳಿ, ಬೆನ್ನು ನೋವಿನ ಮುಲಾಮು ಯಾವುದು ಒಳ್ಳೇದು ಅಂತ ಸರಿಯಾಗಿ ಹೇಳ್ತಾರೆ.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಈ ಇಂಜಿನ್ ಕೆಡಲ್ಲ ಅಂತ ಎಲ್ರೂ ಹೊಗಳ್ತಾರೆ. ನಾನು ಹೊಗಳೋದು ಬೇರೆ ಕಾರಣಕ್ಕೆ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೆ ಬಿಡುತ್ತೆ, ಅದಕ್ಕೆ. ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳು ರೂಟ್ ಹಾಕೋಕೆ ಬಳಸೋ ಸಿಡಿಯು ಇದ್ಯಲ್ಲ, ಅದರಲ್ಲೇ ಮೇಂಟೆನೆನ್ಸ್ ಪೇಜ್‌ಗೆ ಹೋಗಿ ಇಂಜಿನ್ ಒತ್ತಿ, ಯಾವ ಇಂಜಿನ್ ಅಂತ ಆರಿಸಿದ್ರೆ ಇಇಸಿ ತನ್ನ ಡೈರಿ ತೆರೆಯುತ್ತೆ. ರೀಸೆಂಟ್ ಫಾಲ್ಟ್ಸ್‌ನಲ್ಲಿ ಕಳೆದ 3 ಫ್ಲೈಟಿಂದು, ಫಾಲ್ಟ್ ಹಿಸ್ಟರಿಯಲ್ಲಿ 10 ಫ್ಲೈಟಿಂದು. ಪ್ರತೀ ಫಾಲ್ಟಿಗೂ ಒಂದು ನಂಬರು, ಆ ನಂಬರ್ ಹಿಡ್ಕೊಂಡು ಎಫ್‌ಐಎಂ, ಅಂದ್ರೆ ಫಾಲ್ಟ್ ಐಸೊಲೇಷನ್ ಮ್ಯಾನ್ಯುಯಲ್ ತೆಗೆದ್ರೆ ಮೊದ್ಲು ಏನು ನೋಡ್ಬೇಕು, ಅದು ಸರಿ ಇದ್ರೆ ಮುಂದೆ ಏನು, ಎಷ್ಟು ಓಮ್ಸ್ ಬರ್ಬೇಕು, ಎಲ್ಲಾ ಹೆಜ್ಜೆ ಹೆಜ್ಜೆಯಾಗಿ ಇದೆ. ಇನ್‌ಪುಟ್ ಮಾನಿಟರಿಂಗ್ ಅಂತ ಇನ್ನೊಂದು ಪೇಜಿದೆ, ಅದ್ರಲ್ಲಿ ಸೆನ್ಸರ್‌ಗಳು ಈ ಕ್ಷಣ ಏನು ಹೇಳ್ತಿವೆ ಅಂತ ಎರಡೂ ಚಾನೆಲ್‌ದು ನೋಡ್ಬಹುದು. ಒಬ್ಬ ಮೇಲೆ ಕೂತು ಪೇಜ್ ನೋಡ್ತಾ ಇರ್ಬೇಕು, ಇನ್ನೊಬ್ಬ ಕೆಳಗೆ ಹಾರ್ನೆಸ್ (ವೈರ್‌ಗಳ ಕಟ್ಟು) ಅಲ್ಲಾಡಿಸ್ಬೇಕು, ನಂಬರ್ ಕುಣಿದ್ರೆ ಸಿಕ್ಕಾಕೊಂಡ ಕಳ್ಳ.

ತೊಂದ್ರೆ ಬರೋದು ಇಂಜಿನ್ ಹೇಳಿದ್ದನ್ನ ಅರ್ಧ ಓದಿದಾಗ. ಮೆಸೇಜ್‌ನಲ್ಲಿ ಎಚ್‌ಎಂಯು ಅಂತ ಪದ ಕಂಡ ತಕ್ಷಣ ಸ್ಟೋರ್‌ಗೆ ಫೋನು, ಎಚ್‌ಎಂಯು ತನ್ನಿ. ಬೋರ್‌ವೆಲ್ ಮೋಟ್ರು ನಿಂತ್ರೆ ಮೊದ್ಲು ಕೆಪಾಸಿಟರ್ ಬದಲಾಯಿಸಿ ನೋಡೋಣ ಅಂತಾರಲ್ಲ, ಹಾಗೆ. ಅಲ್ಲಿ ಕೆಪಾಸಿಟರ್‌ಗೆ ಇನ್ನೂರು ಮುನ್ನೂರು ರೂಪಾಯಿ ಹೋಗುತ್ತೆ, ಇಲ್ಲಿ ಪಾರ್ಟ್ ಬೆಲೆ ಕೇಳಿದ್ರೆ ಊರಲ್ಲಿ ಸೈಟ್ ಬರುತ್ತೆ.

ನಾನು ನೋಡಿದ್ದು ಒಂದು ಹೇಳ್ತೀನಿ, ಕಂಪನಿ ಹೆಸ್ರು ಬೇಡ. ಒಂದು ವಿಮಾನದ ಎರಡನೇ ಇಂಜಿನ್ನು, ಕ್ರೂಸ್‌ನಲ್ಲಿ ಎನ್1 (ಫ್ಯಾನಿನ ವೇಗ) ಸ್ವಲ್ಪ ತೂಗಾಡುತ್ತೆ ಅಂತ ಸ್ನ್ಯಾಗು. ಹೋಗೋವಾಗ ಇರುತ್ತೆ, ವಾಪಸ್ ಬರೋವಾಗ ಇರಲ್ಲ. ನೆಲದ ಮೇಲೆ ರನ್ ಮಾಡಿದ್ರೆ ಕೆಲವ್ಸಲ ಇರುತ್ತೆ ಕೆಲವ್ಸಲ ಇರಲ್ಲ. ಮೆಸೇಜು ಫ್ಯುಯೆಲ್ ಮೀಟರಿಂಗ್ ಕಡೆಗೆ ಬೊಟ್ಟು ಮಾಡ್ತಿತ್ತು. ಒಂದು ಶಿಫ್ಟಿನವರು ಎಚ್‌ಎಂಯು ಬದಲಾಯಿಸಿದ್ರು, ಅದು ಸಣ್ಣ ಕೆಲ್ಸ ಅಲ್ಲ, ಫ್ಯುಯೆಲ್‌ನಲ್ಲಿ ಸ್ನಾನ, ಆಮೇಲೆ ಲೀಕ್ ಟೆಸ್ಟು, ಇಂಜಿನ್ ರನ್ನು. ಮತ್ತೆ ಬಂತು. ಇನ್ನೊಂದು ಶಿಫ್ಟಿನವರು ಇಇಸಿ ಬದಲಾಯಿಸಿದ್ರು. ಮತ್ತೆ ಬಂತು. ಆಗ ನಮ್ಮ ಜೊತೆ ಮಂಗಳೂರು ಕಡೆಯ ಸೀನಿಯರ್ ಒಬ್ರಿದ್ರು, ಅವ್ರು ಟೆಕ್ ಲಾಗ್ ಹಿಂದೆ ತಿರುಗಿಸ್ತಾ ಕೂತ್ರು, ಏನೂ ಬಿಚ್ಚಲಿಲ್ಲ, ಟೀ ಕುಡಿದ್ರು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಒಂದು ಬಿಟ್ಟು ಒಂದು ಫ್ಲೈಟಿಗೆ ಬರುದಲ್ವಾ ಮಾರಾಯ, ಹಾಗಾದ್ರೆ ಯಾವ ಚಾನೆಲ್ ನೋಡಿದ್ರಾ?"

ವಿಷ್ಯ ಏನು ಅಂದ್ರೆ ಇಇಸಿ ಒಳಗೆ ಎ, ಬಿ ಅಂತ ಎರಡು ಚಾನೆಲ್, ಎರಡೂ ಸ್ವತಂತ್ರ ಕಂಪ್ಯೂಟರ್ ಥರ. ಎರಡೂ ಆರೋಗ್ಯವಾಗಿದ್ರೆ ಒಂದು ಸ್ಟಾರ್ಟಿಗೆ ಎ ಯಜಮಾನ, ಮುಂದಿನ ಸ್ಟಾರ್ಟಿಗೆ ಬಿ ಯಜಮಾನ, ಹೀಗೆ ಅದಲು ಬದಲು. ಅಂದ್ರೆ ದೋಷ ಒಂದೇ ಚಾನೆಲ್‌ನ ವೈರಿಂಗ್‌ನಲ್ಲಿದ್ದು, ಅದೂ ಪೂರ್ತಿ ಕಟ್ ಆಗದೆ ಆಗಾಗ ಕೈ ಕೊಡೋ ಥರದ್ದಾದ್ರೆ, ಒಂದು ಫ್ಲೈಟ್ ಬಿಟ್ಟು ಒಂದು ಫ್ಲೈಟಿಗೆ ಕಾಣಿಸುತ್ತೆ. ಇಇಸಿ ಕನೆಕ್ಟರ್‌ಗಳಿಗೂ ನಂಬರಿದೆ, ಬೆಸ ಸಂಖ್ಯೆದು ಎ ಚಾನೆಲ್ಲು, ಸಮ ಸಂಖ್ಯೆದು ಬಿ. ಎ ಕಡೆ ಕನೆಕ್ಟರ್ ಬಿಚ್ಚಿ ಟಾರ್ಚ್ ಬಿಟ್ರೆ ಒಂದು ಪಿನ್ ಬುಡದಲ್ಲಿ ಹಸಿರು ಹಸಿರು, ತೇವ ಹೋಗಿ ಕೂತಿತ್ತು. ಕ್ಲೀನ್ ಮಾಡಿ, ಪಿನ್ ಬದಲಾಯಿಸಿ, ಅಳತೆ ನೋಡಿ, ಮುಚ್ಚಿದ್ವಿ, ಆಮೇಲೆ ಆ ಸ್ನ್ಯಾಗ್ ಬರ್ಲಿಲ್ಲ. ತಮಾಷೆ ಅಂದ್ರೆ ಎಫ್‌ಐಎಂನಲ್ಲಿ ಕನೆಕ್ಟರ್ ನೋಡಿ ಅನ್ನೋದು ಎಚ್‌ಎಂಯು ಬದಲಾಯಿಸಿ ಅನ್ನೋದಕ್ಕಿಂತ ಮುಂಚೆನೇ ಇತ್ತು! ಪುಸ್ತಕ ತಪ್ಪು ಹೇಳಿರ್ಲಿಲ್ಲ, ಇಂಜಿನ್ನೂ ಹೇಳಿರ್ಲಿಲ್ಲ, ನಡುವೆ ಇದ್ದ ಮನುಷ್ಯರಿಗೆ ಟೈಮ್ ಇರ್ಲಿಲ್ಲ. ಮೇಲಿಂದ ಐದೈದು ನಿಮಿಷಕ್ಕೊಂದು ಫೋನ್ ಬಂದ್ರೆ ಯಾರಿಗೆ ತಾನೇ ಓಮ್ಸ್ ಮೀಟರ್ ಹಿಡ್ಕೊಂಡು ಕೂರೋ ತಾಳ್ಮೆ ಇರುತ್ತೆ ಹೇಳಿ.

ನನಗೆ ತುಂಬಾ ಇಷ್ಟ ಆಗೋ ಇನ್ನೊಂದು ಫೀಚರ್, ಸ್ಟಾರ್ಟ್ ವಾಲ್ವ್ ಕೈಯಲ್ಲೇ ತೆಗಿಯೋ ಸೌಲಭ್ಯ. ಇಂಜಿನ್ ಸ್ಟಾರ್ಟ್ ಆಗೋದು ಗಾಳಿಯಿಂದ, ಬಾಲದಲ್ಲಿರೋ ಸಣ್ಣ ಇಂಜಿನ್, ಅಂದ್ರೆ ಎಪಿಯು ಇಂದ ಬರೋ ಒತ್ತಡದ ಗಾಳಿ ಸ್ಟಾರ್ಟರ್ ತಿರುಗಿಸುತ್ತೆ, ಆ ಗಾಳಿಗೆ ಬಾಗಿಲು ಸ್ಟಾರ್ಟ್ ವಾಲ್ವು. ಕ್ಯಾಪ್ಟನ್ ಸ್ವಿಚ್ ಹಾಕ್ತಾರೆ, ಎನ್2 (ಒಳಗಿನ ಕೋರ್‌ನ ವೇಗ) ಅಲ್ಲಾಡಲ್ಲ, ಸ್ಟಾರ್ಟ್ ವಾಲ್ವ್ ಓಪನ್ ಲೈಟು ಬರಲ್ಲ, ಪ್ಯಾಸೆಂಜರ್ ಎಲ್ಲಾ ಬೆಲ್ಟ್ ಹಾಕ್ಕೊಂಡು ಕೂತಾಗಿದೆ. ಈ ಸೌಲಭ್ಯ ಇಲ್ದಿದ್ರೆ ಎಲ್ರನ್ನೂ ಇಳಿಸ್ಬೇಕಾಗ್ತಿತ್ತು. ಇಲ್ಲಿ ಎಂಇಎಲ್ (ಏನು ಕೆಟ್ಟಿದ್ರೂ ಹಾರ್ಬಹುದು ಅನ್ನೋ ಪಟ್ಟಿ) ಪ್ರಕಾರ ಕೌಲ್‌ನಲ್ಲಿರೋ ಸಣ್ಣ ಕಿಂಡಿಯಿಂದ 3/8 ಇಂಚಿನ ಸ್ಕ್ವೇರ್ ಡ್ರೈವ್ ತೂರಿಸಿ ಕೈಯಲ್ಲೇ ವಾಲ್ವ್ ತಿರುಗಿಸಿ ಹಿಡ್ಕೋಬಹುದು. ಹೆಡ್‌ಸೆಟ್ ಹಾಕ್ಕೊಂಡಿರ್ತೀವಿ, ಕ್ಯಾಪ್ಟನ್ ಓಪನ್ ಅಂದಾಗ ತೆಗಿ, ಎನ್2 56 ಪರ್ಸೆಂಟ್ ದಾಟಿ ಕ್ಲೋಸ್ ಅಂದಾಗ ಬಿಡು. ಕೇಳೋಕೆ ಸುಲಭ. ಆದ್ರೆ ಆ ಹೊತ್ತಿಗೆ ಪಕ್ಕದಲ್ಲೇ ಇಂಜಿನ್ ಹೊತ್ಕೊಂಡಿರುತ್ತೆ, ಐಡಲ್‌ನಲ್ಲೇ ಮುಂದೆ ಸುಮಾರು 3 ಮೀಟರ್ ತನಕ ಎಳ್ಕೊಳ್ಳೋ ಜಾಗ, ಹಿಂದೆ ಬಿಸಿ ಗಾಳಿ, ನಡುವೆ ಬರೋಕೆ ಹೋಗೋಕೆ ಒಂದು ದಾರಿ ಅಷ್ಟೇ. ಟೋಪಿ, ಐಡಿ ಕಾರ್ಡಿನ ದಾರ, ಶರ್ಟ್ ಜೇಬಿನ ಪೆನ್ನು ಎಲ್ಲಾ ಮೊದ್ಲೇ ತೆಗೆದಿಟ್ಟು ಹೋಗ್ಬೇಕು. ಹೊಸಬರನ್ನ ಒಬ್ಬರನ್ನೇ ಕಳ್ಸೋ ಸೂಪರ್‌ವೈಸರ್ ಮೇಲೆ ನನಗೆ ಗೌರವ ಇಲ್ಲ.

ಸ್ಟಾರ್ಟ್ ಬಗ್ಗೆ ಇನ್ನೂ ಒಂದು ಮಾತು. ಫ್ಯುಯೆಲ್ ಕೊಟ್ಟು 15 ಸೆಕೆಂಡ್ ಆದ್ರೂ ಬೆಂಕಿ ಹತ್ತಲಿಲ್ಲ ಅಂದ್ರೆ ನೆಲದ ಮೇಲಿದ್ದಾಗ ಇಇಸಿ ತಾನೇ ಫ್ಯುಯೆಲ್ಲು, ಸ್ಪಾರ್ಕು ಎರಡೂ ಕಟ್ ಮಾಡುತ್ತೆ. ಸ್ಟಾರ್ಟ್‌ನಲ್ಲಿ ಇಜಿಟಿ (ಇಂಜಿನ್ನಿಂದ ಹೊರಹೋಗೋ ಬಿಸಿ ಗಾಳಿಯ ತಾಪಮಾನ) ಮಿತಿ 725 ಡಿಗ್ರಿ ಸೆಲ್ಸಿಯಸ್. ಇಷ್ಟು ಕಾವಲು ಇರೋದ್ರಿಂದ ಟರ್ಬೈನ್ ಉಳಿಯುತ್ತೆ, ನಮಗೆ ಹುಡುಕೋಕೆ ಉಳಿಯೋದು ಇಗ್ನೈಟರಾ, ಎಕ್ಸೈಟರಾ, ಫ್ಯುಯೆಲ್ ಬರ್ತಿದ್ಯಾ ಅನ್ನೋದಷ್ಟೇ. ಇನ್ನೊಂದು ಇಗ್ನೈಟರ್ ಹಾಕಿ ಸ್ಟಾರ್ಟ್ ಆದ್ರೆ ಅರ್ಧ ಉತ್ತರ ಸಿಕ್ಕಂಗೆ.

ಇಜಿಟಿ ವಿಚಾರದಲ್ಲಿ ಗಲ್ಫಿಗೆ ಬಂದ್ಮೇಲೆ ಇಂಜಿನ್ ಬೇರೆ ಥರ ಕಾಣೋಕೆ ಶುರು ಆಯ್ತು ನನಗೆ. ರೆಡ್ ಲೈನ್ 950 ಡಿಗ್ರಿ. ಹೊಸ ಇಂಜಿನ್ ಟೇಕಾಫ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತೆ, ಆ ಅಂತರನೇ ಮಾರ್ಜಿನ್ನು, ಇಂಜಿನ್ನಿನ ಆಯಸ್ಸು ಅಂತ ಇಟ್ಕೊಳ್ಳಿ. ಹೊರಗೆ 30 ಡಿಗ್ರಿ ತನಕ ಪೂರ್ತಿ ಥ್ರಸ್ಟ್ ಕೊಡೋ ಹಾಗೆ ಮಾಡಿರೋ ಇಂಜಿನ್ ಇದು, ಬೆಂಗಳೂರಲ್ಲಿ ವರ್ಷದ ಬಹುಪಾಲು ಆ ಒಳಗೇ ಇರ್ತೀವಿ. ಇಲ್ಲಿ 45, ಜೊತೆಗೆ ಹಿಟ್ಟಿನಷ್ಟು ನುಣ್ಣಗಿನ ಧೂಳು. ಧೂಳು ಕಂಪ್ರೆಸರ್ ಬ್ಲೇಡ್‌ಗಳ ಅಂಚು ಸವೆಸುತ್ತೆ, ಮೇಲೆ ಪದರ ಕಟ್ಟುತ್ತೆ, ಅದೇ ಥ್ರಸ್ಟಿಗೆ ಜಾಸ್ತಿ ಫ್ಯುಯೆಲ್ ಸುಡ್ಬೇಕು, ಇಜಿಟಿ ಏರುತ್ತೆ. ಅದಕ್ಕೆ ವಾಟರ್ ವಾಷ್. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಸ್ಟಾರ್ಟರ್‌ನಲ್ಲಿ ತಿರುಗಿಸ್ತಾ ಕೋರ್ ಒಳಗೆ ನೀರು ಹೊಡಿತೀವಿ, ಹಿಂದಿಂದ ಮೊದ್ಲು ಬರೋ ನೀರು ಕಪ್ಪಗೆ. ಕೆಲವು ಡಿಗ್ರಿ ವಾಪಸ್ ಸಿಗುತ್ತೆ. ಆದ್ರೆ ಒಂದು ಎಚ್ಚರಿಕೆ, ಇಜಿಟಿ ಏಕಾಏಕಿ ಜಿಗಿದ್ರೆ ಅದು ಕೊಳೆ ಅಲ್ಲ. ಕೊಳೆ ನಿಧಾನಕ್ಕೆ ಬರುತ್ತೆ. ಒಂದೇ ದಿನದಲ್ಲಿ ಏರಿದ್ರೆ ಬ್ಲೀಡ್ ಎಲ್ಲೋ ಸೋರ್ತಿದೆ, ಯಾವ್ದೋ ವಾಲ್ವ್ ಅರ್ಧ ತೆರ್ಕೊಂಡಿದೆ, ಒಳಗೆ ಏನೋ ಮುರಿದಿದೆ, ಇಲ್ಲಾಂದ್ರೆ ಅಳೆಯೋ ಪ್ರೋಬೇ ಸುಳ್ಳು ಹೇಳ್ತಿದೆ. ಎಂಟು ಪ್ರೋಬ್ ಸೇರಿ ಕೊಡೋ ಸರಾಸರಿ ಅದು. ಆಗ ನೋಡ್ಬೇಕಾದ್ದು ಬರೀ ಇಜಿಟಿ ಅಲ್ಲ, ಫ್ಯುಯೆಲ್ ಫ್ಲೋನೂ ಏರಿದ್ಯಾ, ಎನ್2 ಏನಾಯ್ತು. ಇಜಿಟಿ ಒಂದೇ ಏರಿ ಉಳಿದಿದ್ದೆಲ್ಲಾ ನೆಟ್ಟಗಿದ್ರೆ ಮೊದ್ಲ ಅನುಮಾನ ಅಳತೆ ಮೇಲೆ.

ಆಯಿಲ್ ಬಗ್ಗೆ ಸಣ್ಣದಾಗಿ. ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತಿನೊಳಗೆ ಲೆವೆಲ್ ನೋಡ್ಬೇಕು. ರಾತ್ರಿಯೆಲ್ಲಾ ನಿಂತ್ರೆ ಆಯಿಲ್ ಟ್ಯಾಂಕಿಂದ ಕೆಳಗಿಳಿದು ಗೇರ್‌ಬಾಕ್ಸ್ ಸೇರಿರುತ್ತೆ, ಬೆಳಗ್ಗೆ ಬಂದವನು ಕಮ್ಮಿ ಇದೆ ಅಂತ ಸುರಿದು ಬಿಡ್ತಾನೆ, ಆಮೇಲೆ ಸ್ಟಾರ್ಟ್ ಆದ್ಮೇಲೆ ಜಾಸ್ತಿ ಆಗಿ ಕಕ್ಕುತ್ತೆ. ಲೆವೆಲ್ ಕಮ್ಮಿ ಆಗೋದಕ್ಕಿಂತ ಭಯ ಪಡ್ಬೇಕಾದ್ದು ಯಾರೂ ಹಾಕದೇನೇ ಜಾಸ್ತಿ ಆದ್ರೆ. ಆಯಿಲನ್ನ ಫ್ಯುಯೆಲ್ ಮೂಲಕ ತಣ್ಣಗೆ ಮಾಡೋ ಹೀಟ್ ಎಕ್ಸ್‌ಚೇಂಜರ್ ಒಳಗಡೆ ಸೋರಿ ಫ್ಯುಯೆಲ್ ಬಂದು ಸೇರ್ತಾ ಇರ್ಬಹುದು, ಕ್ಯಾಪ್ ತೆಗೆದು ಮೂಗು ಹತ್ರ ಇಟ್ರೆ ಗೊತ್ತಾಗುತ್ತೆ. ಇನ್ನು ಮ್ಯಾಗ್ನೆಟಿಕ್ ಚಿಪ್ ಡಿಟೆಕ್ಟರು. ಮುಂದಿನ ಸಂಪು, ಹಿಂದಿನ ಸಂಪು, ಗೇರ್‌ಬಾಕ್ಸು, ಮೂರಕ್ಕೂ ಬೇರೆ ಬೇರೆ ಇಟ್ಟಿರೋದ್ರಿಂದ ಲೋಹದ ಚೂರು ಸಿಕ್ಕಿದ್ರೆ ಯಾವ ಮನೆಯಿಂದ ಬಂತು ಅಂತ ತಕ್ಷಣ ತಿಳಿಯುತ್ತೆ. ಒಳ್ಳೇ ಡಿಸೈನ್.

ವೈಬ್ರೇಷನ್. ಪ್ಯಾಸೆಂಜರ್‌ಗಳಿಗೆ ಒಂದು ವಿಷ್ಯ ಹೇಳ್ಬೇಕು, ಗಾಳಿ ಇದ್ದ ದಿನ ನಿಂತಿರೋ ವಿಮಾನದ ಫ್ಯಾನ್ ತಾನಾಗೇ ತಿರುಗ್ತಾ ಟಕ ಟಕ ಅನ್ನುತ್ತಲ್ಲ, ಅದು ಮುರಿದಿರೋ ಶಬ್ದ ಅಲ್ಲ. ಬ್ಲೇಡ್‌ಗಳ ಬುಡವನ್ನ ಡಿಸ್ಕಿನ ಕಚ್ಚಿನಲ್ಲಿ ಸ್ವಲ್ಪ ಸಡಿಲ ಇಟ್ಟಿರ್ತಾರೆ, ವೇಗ ಬಂದಾಗ ತಾವೇ ಬಿಗಿಯಾಗಿ ಕೂರ್ತವೆ. ಆ ಬುಡಕ್ಕೆ, ಡೋವ್‌ಟೇಲ್ ಅಂತೀವಿ, ಒಣ ಲ್ಯೂಬ್ರಿಕೆಂಟ್ ಹಚ್ಬೇಕು, ಅದು ಸವೆದಾಗ ವೈಬ್ರೇಷನ್ ಏರುತ್ತೆ, ಬ್ಲೇಡ್ ಕಳಚಿ, ಒರೆಸಿ, ಹಚ್ಚಿ, ಅದೇ ನಂಬರಿನ ಜಾಗಕ್ಕೆ ವಾಪಸ್ ಹಾಕಿದ್ರೆ ಎಷ್ಟೋ ಸಲ ಅಲ್ಲಿಗೇ ಮುಗೀತು. ಮುಗೀಲಿಲ್ಲ ಅಂದ್ರೆ ಟ್ರಿಮ್ ಬ್ಯಾಲೆನ್ಸ್. ಸ್ಪಿನ್ನರ್‌ನ ಹಿಂದಿನ ಕೋನ್ ಸುತ್ತ 36 ತೂತು, ಪ್ರತಿಯೊಂದಕ್ಕೂ ಬೇರೆ ಬೇರೆ ತೂಕದ ಸ್ಕ್ರೂ ಹಾಕ್ಬಹುದು. ಯಾವ ತೂತಿಗೆ ಎಷ್ಟು ತೂಕ ಅಂತ ನಾವು ಲೆಕ್ಕ ಹಾಕ್ಬೇಕಿಲ್ಲ, ಇಇ ಬೇ, ಅಂದ್ರೆ ವಿಮಾನದ ಎಲೆಕ್ಟ್ರಾನಿಕ್ಸ್ ಕೋಣೆಯಲ್ಲಿರೋ ವೈಬ್ರೇಷನ್ ಯೂನಿಟ್ಟು ಹಾರಾಟದಲ್ಲಿ ಕೂಡಿಟ್ಟ ಅಂಕಿಯಿಂದ ತಾನೇ ಪರಿಹಾರ ಕೊಡುತ್ತೆ. ಇದಕ್ಕೆ ಪೂರ್ತಿ ಮಾರ್ಕು.

ಆದ್ರೆ ಅದೇ ಡೋವ್‌ಟೇಲ್ ಈ ಇಂಜಿನ್ನಿನ ಇತಿಹಾಸದಲ್ಲಿ ಕಪ್ಪು ಪುಟನೂ ಹೌದು, ಅದನ್ನ ಬಿಟ್ಟು ರಿವ್ಯೂ ಬರೆದ್ರೆ ಮೋಸ. 2018ರ ಏಪ್ರಿಲ್ 17ಕ್ಕೆ ನ್ಯೂಯಾರ್ಕಿಂದ ಡಲ್ಲಸ್‌ಗೆ ಹೊರಟ ಸೌತ್‌ವೆಸ್ಟ್ 1380, 737-700 ವಿಮಾನ, ಎಡಗಡೆ ಇಂಜಿನ್ನಿನ 13ನೇ ಫ್ಯಾನ್ ಬ್ಲೇಡು ಬುಡದಲ್ಲಿ ಲೋಹ ದಣಿದು ಮುರೀತು, ಕೌಲ್‌ನ ಚೂರು ಕಿಟಕಿಗೆ ಬಡಿದು ಒಬ್ಬ ಪ್ರಯಾಣಿಕರು ಸತ್ರು. ಫಿಲಡೆಲ್ಫಿಯಾದಲ್ಲಿ ಇಳಿಸಿದ್ರು. 2016ರ ಆಗಸ್ಟ್‌ನಲ್ಲೂ ಅದೇ ಕಂಪನಿಯ ಇನ್ನೊಂದು ವಿಮಾನದಲ್ಲಿ ಅದೇ ಥರ ಬ್ಲೇಡ್ ಮುರಿದಿತ್ತು, ಆಗ ಯಾರಿಗೂ ಏನೂ ಆಗಿರ್ಲಿಲ್ಲ. ಆ ಬಿರುಕು ಕಣ್ಣಿಗೆ ಕಾಣೋ ಥರದ್ದಲ್ಲ, ಲೇಪನದ ಕೆಳಗೆ ಹುಟ್ಟುತ್ತೆ. ಅಪಘಾತ ಆಗಿ ಮೂರೇ ದಿನಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಎಮರ್ಜೆನ್ಸಿ ಆದೇಶ ಹೊರಡಿಸ್ತು, 30 ಸಾವಿರ ಸೈಕಲ್ (ಒಂದು ಹಾರಾಟ ಅಂದ್ರೆ ಒಂದು ಸೈಕಲ್) ದಾಟಿದ ಬ್ಲೇಡ್‌ಗಳಿಗೆ 20 ದಿನದೊಳಗೆ ಅಲ್ಟ್ರಾಸಾನಿಕ್ ಪರೀಕ್ಷೆ. ಆಮೇಲೆ ಕಡಿಮೆ ಸೈಕಲ್ ಬ್ಲೇಡ್‌ಗಳಿಗೂ ಬಂತು, ಲ್ಯೂಬ್ರಿಕೆಂಟ್ ಹಚ್ಚೋ ಪ್ರತೀ ಸಲಕ್ಕೂ ಪರೀಕ್ಷೆ ಸೇರ್ಕೊಂತು. ನಮ್ಮ ಕಡೆ ಆ ತಿಂಗಳು ಬ್ಲೇಡ್ ಕಳಚೋದೇ ಕೆಲ್ಸ. ಲ್ಯೂಬ್ ಹಚ್ಚೋದು ಬೇಸರದ ಕೆಲ್ಸ ಅಂತ ಅಂದ್ಕೊಂಡಿದ್ದ ಹುಡುಗ್ರೆಲ್ಲಾ ಅವತ್ತಿಂದ ಟಾರ್ಚ್ ಹತ್ರ ಹಿಡಿದು ನೋಡೋಕೆ ಶುರು ಮಾಡಿದ್ರು.

ಹಕ್ಕಿ ಬಡಿದಾಗ, ಇಜಿಟಿ ಮಿತಿ ಮೀರಿದಾಗ, ಸರ್ಜ್ ಆದಾಗ (ಒಳಗಿನ ಗಾಳಿ ಉಲ್ಟಾ ಹೊಡೆದಾಗ) ಬೋರೋಸ್ಕೋಪ್. ಕಂಪ್ರೆಸರ್‌ನ 9 ಸ್ಟೇಜಿಗೂ ಕ್ಯಾಮೆರಾ ತೂರಿಸೋ ತೂತು ಇದೆ, ಕಂಬಸ್ಟರ್‌ಗೆ, ಟರ್ಬೈನ್‌ಗೂ ಇದೆ. ಗೇರ್‌ಬಾಕ್ಸ್ ಮೇಲೆ ಒಂದು ಮುಚ್ಚಳ ತೆಗೆದು ಅಲ್ಲಿಂದ ರ‍್ಯಾಚೆಟ್‌ನಲ್ಲಿ ಒಳಗಿನ ರೋಟರ್ ತಿರುಗಿಸ್ಬಹುದು, ಒಬ್ಬ ತಿರುಗಿಸ್ತಾನೆ, ಒಬ್ಬ ಸ್ಕ್ರೀನ್ ನೋಡ್ತಾ ಬ್ಲೇಡ್ ಎಣಿಸ್ತಾನೆ, ಹೈ ಪ್ರೆಷರ್ ಟರ್ಬೈನ್‌ನಲ್ಲೇ 80 ಬ್ಲೇಡು, ಎಣಿಕೆ ತಪ್ಪಿದ್ರೆ ಮತ್ತೆ ಒಂದರಿಂದ. ತಿರುಗಿಸೋನು ಮೊಬೈಲ್ ನೋಡ್ತಾ ತಿರುಗಿಸ್ಬಾರ್ದು ಅನ್ನೋದು ನನ್ನ ವೈಯಕ್ತಿಕ ಬೇಡಿಕೆ. ಹಿಂದಿನ ಸ್ಟೇಜ್‌ಗಳ ಪ್ಲಗ್ಗು ಬಿಸಿಗೆ ಹಿಡ್ಕೊಂಡಿರುತ್ತೆ, ಬಿಚ್ಚೋವಾಗ ಬಲ ಬಿಟ್ರೆ ಒಳಗೇ ಮುರಿಯುತ್ತೆ, ಆಗ ಬೋರೋಸ್ಕೋಪ್ ಕೆಲ್ಸ ಹೋಗಿ ಬೇರೆ ಕೆಲ್ಸ ಶುರು. ಹಕ್ಕಿ ಕೋರ್ ಒಳಗೆ ಹೋಗಿದ್ಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ಮೊದ್ಲು ಕ್ಯಾಬಿನ್ ಕ್ರೂನ ಕೇಳಿ, ಸುಟ್ಟ ವಾಸನೆ ಬಂತಾ ಅಂತ. ಅವ್ರು ಹೌದು ಅಂದ್ರೆ ಅವತ್ತು ಮನೆಗೆ ಲೇಟು.

ಈಗ ಆ ಅರ್ಧ ಮಾರ್ಕು. ಬ್ಲೀಡ್. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಇದು ಇಂಜಿನ್‌ಗಿಂತ ವಿಮಾನದ ಭಾಗ, ಆದ್ರೆ ಇಂಜಿನ್ ಮೇಲೇ ಕೂತಿರೋದ್ರಿಂದ ಬೈಗುಳ ಇದಕ್ಕೇ. 5ನೇ ಮತ್ತು 9ನೇ ಸ್ಟೇಜಿಂದ ಬಿಸಿ ಗಾಳಿ ತೆಗೆದು, ಪ್ರೀಕೂಲರ್‌ನಲ್ಲಿ ತಣಿಸಿ, ಎಸಿಗೆ, ರೆಕ್ಕೆಯ ಹಿಮ ಕರಗ್ಸೋಕೆ ಕಳಿಸ್ಬೇಕು. ಇದರ ವಾಲ್ವ್‌ಗಳು ಹೆಚ್ಚಾಗಿ ನಡೆಯೋದು ಗಾಳಿಯ ಒತ್ತಡದಲ್ಲೇ, ಸಣ್ಣ ಸಣ್ಣ ಸೆನ್ಸ್ ಪೈಪು, ಥರ್ಮೋಸ್ಟಾಟು, ರೆಗ್ಯುಲೇಟರು. ಇಇಸಿಗೆ ಇದರ ಬಗ್ಗೆ ಹೇಳೋಕೆ ಏನೂ ಇಲ್ಲ, ಡೈರಿ ಇಲ್ಲ, ನಂಬರ್ ಇಲ್ಲ. 490 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಬ್ಲೀಡ್ ಟ್ರಿಪ್ ಆಫ್ ಲೈಟ್, ಅಷ್ಟೇ ಸುದ್ದಿ. ಕಾರಣ ಪ್ರೀಕೂಲರ್ ಕಂಟ್ರೋಲ್ ವಾಲ್ವ್ ಇರ್ಬಹುದು, 390 ಸೆನ್ಸರ್ ಇರ್ಬಹುದು, 450 ಥರ್ಮೋಸ್ಟಾಟ್ ಇರ್ಬಹುದು, ಯೂನಿಯನ್ ಒಂದರಲ್ಲಿ ಕೂದಲೆಳೆ ಬಿರುಕೂ ಇರ್ಬಹುದು. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡ್ತಾ ಬೆಳಗಾಗುತ್ತೆ. ಇಪ್ಪತ್ತೊಂದನೇ ಶತಮಾನದ ಇಂಜಿನ್ ಕಂಪ್ಯೂಟರ್ ಪಕ್ಕದಲ್ಲೇ ಅಜ್ಜನ ಕಾಲದ ವಿದ್ಯೆ. ಅರ್ಧ ಮಾರ್ಕು ಕಟ್ ಮಾಡಿದ್ದೇ ಉದಾರ ಅಂತಾರೆ ನನ್ನ ಸ್ನೇಹಿತರು.

ಪಾರ್ಟ್ಸ್ ಸಿಗುತ್ತಾ? ಇಷ್ಟು ಇಂಜಿನ್ ಇರೋವಾಗ ಸಿಗದೆ ಏನು. ಹಳೇ ವಿಮಾನ ಒಡೆದು ತೆಗೆದ ಪಾರ್ಟು, ರಿಪೇರಿ ಆದ ಪಾರ್ಟು, ದೊಡ್ಡ ಸಂತೆಯೇ ಇದೆ. ಆದ್ರೆ ಸಂತೆ ದೊಡ್ಡದಾದ್ರೆ ಕಳ್ಳ ಮಾಲೂ ಬರುತ್ತೆ, 2023ರಲ್ಲಿ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನೋ ಕಂಪನಿ ಸಿಎಫ್‌ಎಂ56 ಪಾರ್ಟ್ಸ್‌ಗೆ ನಕಲಿ ಸರ್ಟಿಫಿಕೇಟ್ ಕೊಟ್ಟು ಮಾರಿದ್ದು ಹೊರಬಿತ್ತು, ನೂರಕ್ಕೂ ಹೆಚ್ಚು ಇಂಜಿನ್‌ಗಳಲ್ಲಿ ಆ ಪಾರ್ಟು ಸೇರಿತ್ತು, ಹುಡುಕಿ ಹುಡುಕಿ ಬಿಚ್ಚಿದ್ರು. ಬೋಲ್ಟು, ವಾಷರ್‌ನಂಥ ಸಣ್ಣ ಸಾಮಾನೂ ಅದ್ರಲ್ಲಿತ್ತು. ಅದಕ್ಕೇ ಪಾರ್ಟ್ ಹಿಡ್ಕೊಳ್ಳೋಕ್ ಮುಂಚೆ ಪೇಪರ್ ಹಿಡ್ಕೊಳ್ಳಿ ಅನ್ನೋದು. ಅಂದ ಹಾಗೆ ಬೆಂಗಳೂರಲ್ಲೇ ಎಚ್‌ಎಎಲ್ ಜೊತೆ ಸಫ್ರಾನ್‌ನವರ ಜಂಟಿ ಕಂಪನಿ ಇದೆ, ಇಂಜಿನ್ ಪೈಪ್‌ಗಳನ್ನ ತಯಾರು ಮಾಡುತ್ತೆ. ಜಿಇಯವರ ದೊಡ್ಡ ಸಂಶೋಧನಾ ಕೇಂದ್ರ ವೈಟ್‌ಫೀಲ್ಡಲ್ಲಿ 2000ದಿಂದ ಇದೆ. ನಾವು ಬಿಚ್ಚೋ ಇಂಜಿನ್ನಿಗೂ ನಮ್ಮೂರಿಗೂ ಅಷ್ಟೊಂದು ದೂರ ಇಲ್ಲ.

ಹೊಸದಕ್ಕೆ ಹೋಲಿಸಿದ್ರೆ? 737 ಮ್ಯಾಕ್ಸ್‌ಗೆ ಬಂದಿರೋ ಲೀಪ್-1ಬಿ ಇದರದೇ ಮಗ, 69 ಇಂಚಿನ ಫ್ಯಾನು, 18 ಕಾರ್ಬನ್ ಫೈಬರ್ ಬ್ಲೇಡು, ಫ್ಯುಯೆಲ್ ಉಳಿತಾಯ ಜಾಸ್ತಿ, ಅದರಲ್ಲಿ ಮಾತಿಲ್ಲ. ಆದ್ರೆ ಒಳಗೆ ಬಿಸಿ ಜಾಸ್ತಿ, ಫ್ಯುಯೆಲ್ ನಾಝಲ್‌ನಲ್ಲಿ ಕರಿ ಕಟ್ಟೋದು ಶುರುವಾಗಿ ಲೀಪ್‌ಗೆ ರಿವರ್ಸ್ ಬ್ಲೀಡ್ ಅಂತ ಹೊಸ ಜೋಡಣೆ ತರ್ಬೇಕಾಯ್ತು. ಎ320 ನಿಯೋಗೆ ಇರೋ ಪ್ರ್ಯಾಟ್ ಅಂಡ್ ವಿಟ್ನಿ ಜಿಟಿಎಫ್ ಕಥೆ ನಮ್ಮ ದೇಶದೋರಿಗೆ ಹೇಳ್ಬೇಕಿಲ್ಲ. 2023ರ ಮೇನಲ್ಲಿ ಗೋ ಫಸ್ಟ್ ಇಂಜಿನ್ ಸಿಗ್ತಿಲ್ಲ ಅಂತ ಕಾರಣ ಕೊಟ್ಟು ದಿವಾಳಿ ಅರ್ಜಿ ಹಾಕ್ತು, ಅದೇ ಜುಲೈನಲ್ಲಿ ಡಿಸ್ಕು ಮಾಡೋ ಪೌಡರ್ ಮೆಟಲ್‌ನಲ್ಲಿ ಕಲ್ಮಶ ಅಂತ ಸುದ್ದಿ ಬಂದು ನೂರಾರು ಇಂಜಿನ್ ಇಳಿಸಿ ಪರೀಕ್ಷೆ ಮಾಡ್ಬೇಕಾಯ್ತು. ಅಂಥ ದೋಷಕ್ಕೆ ಲೈನ್‌ನಲ್ಲಿ ನಿಂತೋರು ಮಾಡೋದು ಏನೂ ಇಲ್ಲ, ಇಂಜಿನ್ ಇಳ್ಸು, ಶಾಪ್‌ಗೆ ಕಳ್ಸು, ವಿಮಾನದ ರೆಕ್ಕೆಗೆ ಭಾರ ಕಟ್ಟಿ ನಿಲ್ಸು. ಲೀಪ್ ರಿಪೇರಿಗೆ ಹೈದರಾಬಾದಲ್ಲಿ ಸಫ್ರಾನ್‌ನವರ ದೊಡ್ಡ ಶಾಪು 2025ರ ನವೆಂಬರ್‌ನಲ್ಲಿ ಉದ್ಘಾಟನೆ ಆಯ್ತು, ಹೊಸ ಹುಡುಗ್ರಿಗೆ ಅಲ್ಲಿ ಅವಕಾಶ ಇದೆ, ಕಣ್ಣಿಡಿ.

ಎಎಂಇ (ವಿಮಾನ ಮೇಂಟೆನೆನ್ಸ್ ಇಂಜಿನಿಯರಿಂಗ್) ಓದ್ತಿರೋರು ಟೈಪ್ ಕೋರ್ಸ್, ಅಂದ್ರೆ ಒಂದೇ ಮಾದರಿ ವಿಮಾನದ ಕೋರ್ಸ್, ಯಾವುದು ಮಾಡ್ಲಿ ಅಂತ ಕೇಳ್ತಾ ಇರ್ತಾರೆ. ಎನ್‌ಜಿ ಹಳೇದಾಯ್ತು, ಬಿಡಿ ಅನ್ನೋರಿದ್ದಾರೆ, ನಾನು ಹಾಗನ್ನಲ್ಲ. ಟ್ರಬಲ್‌ಶೂಟಿಂಗ್ ಕೈಗೆ ಹತ್ಬೇಕು ಅಂದ್ರೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಸಿಗಲ್ಲ. ಕೋರ್ಸ್‌ನಲ್ಲಿ 73 (ಫ್ಯುಯೆಲ್), 75 (ಗಾಳಿ), 77 (ಮೀಟರ್‌ಗಳು), 80 (ಸ್ಟಾರ್ಟ್) ಈ ಚಾಪ್ಟರ್‌ಗಳಿಗೆ ಜಾಸ್ತಿ ಹೊತ್ತು ಕೊಡಿ, 36ಕ್ಕೆ ಅದರ ಎರಡರಷ್ಟು ಕೊಡಿ, ಬ್ಲೀಡ್ ಅಲ್ಲೇ ಇರೋದು. ಸಿಮ್ಯುಲೇಟರ್ ಸೆಷನ್‌ನಲ್ಲಿ ಸಿಡಿಯು ಪೇಜ್‌ಗಳನ್ನ ನೋಡಿ ಮುಂದೆ ಹೋಗ್ಬೇಡಿ, ಒಂದೊಂದು ಮೆಸೇಜಿಗೂ ಎಫ್‌ಐಎಂ ತೆಗೆದು ಕೊನೆ ತನಕ ಓದಿ, ಇನ್‌ಸ್ಟ್ರಕ್ಟರ್ ಅವಸರ ಮಾಡಿದ್ರೂ ಓದಿ. ಓಮ್ಸ್ ಮೀಟರ್ ಸ್ವಂತದ್ದು ಒಂದು ಇಟ್ಕೊಳ್ಳಿ ಅನ್ನೋಕೆ ಆಗಲ್ಲ, ಕ್ಯಾಲಿಬ್ರೇಷನ್ ಆಗಿರೋದೇ ಬೇಕು, ಟೂಲ್ ಕ್ರಿಬ್‌ನಿಂದಲೇ ತಗೊಳ್ಳಿ, ಸ್ಟಿಕ್ಕರ್ ಮೇಲಿನ ತಾರೀಖು ಮುಗಿದಿಲ್ಲ ಅಂತ ಅಲ್ಲೇ ನಿಂತು ನೋಡ್ಕೊಂಡು ಬನ್ನಿ.